ಎದೆ ಸುತ್ತಿ ಬರುವ ನರ

ಗ್ರಿಯಾವಿಕ್, ಲೂಯಿಸ್ ದ್ವೀಪ
೧೨ ಮಾರ್ಚ್ ೧೯೯೧

ಪ್ರೀತಿಯ ತಂಗಿ ಎಫೀ,

ಕರ್ತನ ಕೃಪೆಯಿಂದ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ. ಆದರೆ ಇದು ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ಫೋನ್ ಮಾಡಬಹುದಿತ್ತು. ಅದು ಇರುವುದು ಅಡುಗೆಮನೆಯ ಬಾಗಿಲಲ್ಲಿ. ಟೊರ್ಕಿಲ್ ಮಗ್ಗದ ಕೊಟ್ಟಿಗೆಯಿಂದ ಯಾವ ಗಳಿಗೆಯಲ್ಲಿ ಒಳಗೆ ಬರುತ್ತಾರೋ ಹೇಳಲಾಗದು. ಗಂಡನ ಗಂಟಲಿನ ಸಂಗತಿಯನ್ನು ಅವರ ಕಿವಿಗೇ ಬೀಳುವಂತೆ ಆಡಿಕೊಳ್ಳುವುದು ನನ್ನಿಂದಾಗದು.

ಕಳೆದ ವಾರ ಕರ್ತನ ಭೋಜನದ ಕೂಟ, ರೊಟ್ಟಿ-ದ್ರಾಕ್ಷಾರಸದ ಮೇಜು, ನಡೆಯಿತು. ನೀನು ಚರ್ಚಿನ ಬಾಗಿಲು ಕಂಡು ಎಷ್ಟೋ ವರ್ಷವಾಯಿತು, ಆದರೂ ಶುಕ್ರವಾರದ ಪ್ರಶ್ನೆಯ ದಿನವನ್ನು ಮರೆತಿರಲಾರೆ. ದೇವರ ಕೃಪೆ ಪಡೆದವನ ಗುರುತೇನು ಎಂದು ಪಾದ್ರಿಗಳು ಕೇಳಿ, ಒಬ್ಬೊಬ್ಬ ಗಂಡಸಿನ ಹೆಸರು ಕೂಗುತ್ತಾರೆ. ಕರೆಸಿಕೊಂಡವನು ಎದ್ದು ತನ್ನ ಬಾಳಿನಿಂದಲೇ ಉತ್ತರ ತೆಗೆದು ಹೇಳಬೇಕು. ಈ ಸಲ ಟೊರ್ಕಿಲ್ ಹೆಸರು ಕೂಗಿದರು. ಎದ್ದರು. ಬಾಯಿ ತೆರೆದರು. ಯಾರೋ ಒಳಗಿನಿಂದ ಕೊರಳು ಹಿಸುಕಿದ ಹಾಗೆ ಅರ್ಧ ಮಾತು ಹೊರಬಂದು ಅಲ್ಲೇ ತುಂಡಾಯಿತು. ಮತ್ತೆ ಯತ್ನಿಸಿದರು, ಮತ್ತೆ ತುಂಡು. ಕತ್ತಿನ ನರವೆಲ್ಲ ಹಗ್ಗದಂತೆ ಉಬ್ಬಿತ್ತು. ಕೊನೆಗೆ ಕುಳಿತುಬಿಟ್ಟರು.

ಅದಾದರೆ ಸರಿ, ಮನುಷ್ಯನಿಗೆ ಗಂಟಲು ಕಟ್ಟಬಹುದು. ಆದರೆ ಕೂಟ ಮುಗಿಯುವಾಗ ಕೀರ್ತನೆ ಹೇಳಬೇಕಲ್ಲ. ಮೊದಲಿನಿಂದಲೂ ಸಾಲು ಕೊಡುವವರು, ಅಂದರೆ ಸಭೆಗೆ ಒಂದೊಂದೇ ಸಾಲು ಮೊದಲು ಹಾಡಿಕೊಡುವವರು, ಅವರೇ. ಪೀಠದ ಕೆಳಗಿನ ಆಸನದಲ್ಲಿ ಎದ್ದು ನಿಂತು ಮೊದಲ ಸಾಲು ಎತ್ತಿದರು ನೋಡು, ಒಂದು ಬಿರುಕಿಲ್ಲ, ಒಂದು ತಡೆಯಿಲ್ಲ! ಸಭೆಯೆಲ್ಲ ಹಿಂದೆ ಹಾಡಬೇಕಾದದ್ದು, ತಲೆಯೆತ್ತಿ ಅವರನ್ನೇ ನೋಡಿತು.

ಹೊರಗೆ ಸಭಾ ಹಿರಿಯ ಮುರ್ಡೊ ಸಿಕ್ಕಿದ. ವ್ಯಾನಿನಲ್ಲಿ ಮೀನು ಮಾರುತ್ತಾನಲ್ಲ, ಮೀನು ಮುರ್ಡೊ. "ಹಾಡೋಕೆ ಗಂಟ್ಲಿದೆ, ಸಾಕ್ಷಿ ಹೇಳೋಕಿಲ್ಲ. ಇದು ಯೋಚ್ನೆ ಮಾಡೋ ವಿಷ್ಯ ಡೊಲೀನಾ," ಎಂದ. ಎದೆಯಲ್ಲಿ ಏನನ್ನೋ ಮುಚ್ಚಿಟ್ಟುಕೊಂಡವನು ದೇವರ ಸಭೆಗೆ ಸಾಲು ಕೊಡಬಹುದೇ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದಾರಂತೆ. ಬರುವ ಶರತ್ಕಾಲದ ಕೂಟದೊಳಗೆ ತೀರ್ಮಾನವಂತೆ. ಆ ಆಸನ ಹೋದರೆ ಅವರು ಬದುಕುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ನೀನು ಕಿವಿ-ಗಂಟಲಿನ ವಾರ್ಡಿನ ನರ್ಸು. ಇಂಥದ್ದನ್ನು ಕಂಡಿದ್ದೀಯಾ?

ನಿನ್ನ ಅಕ್ಕ,
ಡೊಲೀನಾ


ಗ್ಲಾಸ್ಗೋ
೧೯ ಮಾರ್ಚ್ ೧೯೯೧

ಅಕ್ಕಾ,

ಮೀನು ಮುರ್ಡೊ ಇನ್ನೂ ಬದುಕಿದ್ದಾನಾ? ಅವನ ಗಂಟಲಿಗೆ ಯಾವ ರೋಗವೂ ಬರುವುದಿಲ್ಲ ನೋಡು.

ನಮ್ಮ ಡಾಕ್ಟರಿಗೆ ನಿನ್ನ ಕಾಗದ ಓದಿ ಹೇಳಿದೆ. ಬೈಯಬೇಡ, ಹೆಸರು ಹೇಳಲಿಲ್ಲ. ಆಕೆ ಒಂದಿಷ್ಟು ಕೇಳಿದರು. ಭಾವ ಪಿಸುಗುಡಬಲ್ಲನೇ? ನಕ್ಕರೆ ನಗು ಸರಾಗವಾಗಿ ಬರುತ್ತದೆಯೇ? ನಾಯಿಯನ್ನು ಕೂಗಿದರೆ ಹೇಗೆ? ಫೋನಿನಲ್ಲಿ ಹೇಗೆ? ಊಟ ನುಂಗುವಾಗ ಕೆಮ್ಮು ಬರುತ್ತದೆಯೇ? ಮೈ ಇಳಿದಿದೆಯೇ? ಎಲ್ಲಕ್ಕೂ ಉತ್ತರ ಬರೆ.

ಇನ್ನೊಂದು. ಸ್ಟಾರ್ನೋವೇ ಆಸ್ಪತ್ರೆಯಲ್ಲಿ ಭಾವನ ಎದೆಯ ಎಕ್ಸ್‌ರೇ ತೆಗೆಸಿಬಿಡು. ಈ ವಾರವೇ. ಮಗ್ಗದ ಕೆಲಸ, ಕುರಿಯ ಕೆಲಸ ಎಂದು ನೆವ ಹೇಳಿದರೆ ನಾನೇ ಬಂದು ಕಿವಿ ಹಿಡಿದು ಎಳೆದೊಯ್ಯುತ್ತೇನೆ ಎನ್ನು.

ಎಫೀ


ಗ್ರಿಯಾವಿಕ್
೪ ಏಪ್ರಿಲ್ ೧೯೯೧

ಪ್ರೀತಿಯ ಎಫೀ,

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತಿದ್ದೇನೆ. ಬರೆದಷ್ಟೂ ನನ್ನ ತಲೆ ಕೆಡುತ್ತಿದೆ.

ಪಿಸುಗುಡುತ್ತಾರೆ, ಆದರೆ ಗಾಬರಿಯಾದಾಗ ಅದೂ ಬರುವುದಿಲ್ಲ. ನಗುತ್ತಾರೆ, ನಗುವುದು ಕಡಿಮೆಯಾಗಿದೆ ಅಷ್ಟೆ. ನಮ್ಮ ನಾಯಿ ಬ್ರಾನ್ ಪಕ್ಕದವರ ಕುರಿಗಳೊಳಗೆ ನುಗ್ಗಿದಾಗ ಅವರು ಹಾಕಿದ ಕೂಗು ಸಮುದ್ರದ ತನಕ ಕೇಳಿಸಿತು. ಆದರೆ ಟ್ವೀಡ್ ಬಟ್ಟೆ ಒಯ್ಯುವ ಗಿರಣಿಯವರು ಫೋನ್ ಮಾಡಿದರೆ ಒಂದು ಹೆಸರು ಹೇಳಲಾಗುವುದಿಲ್ಲ, ರಿಸೀವರ್ ನನ್ನ ಕೈಗೆ ಕೊಡುತ್ತಾರೆ. ಊಟಕ್ಕೆ ಮುಂಚಿನ ಪ್ರಾರ್ಥನೆಯೂ ಆಗದು. ಮೊನ್ನೆ ಹೆರಿಂಗ್ ಮೀನೂ ಆಲೂಗಡ್ಡೆಯೂ ತಟ್ಟೆಯಲ್ಲಿ ಆರಿಹೋಗುತ್ತಿದ್ದವು, ಅವರು ಕಣ್ಣು ಮುಚ್ಚಿ ಒದ್ದಾಡುತ್ತಿದ್ದರು. ಕೊನೆಗೆ ನಾನೇ ಹೇಳಿದೆ. ಗಂಡಸು ಎದುರಿಗಿರುವಾಗ ನಾನು ಹೇಳಿದ್ದು ಅದೇ ಮೊದಲು.

ನಾಯಿಗೆ ಸಿಗುವ ದನಿ ದೇವರಿಗೆ ಸಿಗುತ್ತಿಲ್ಲ. ಇದನ್ನು ನಾನು ಹೇಗೆ ಅರ್ಥಮಾಡಿಕೊಳ್ಳಲಿ?

ಮುರ್ಡೊ ಮತ್ತೊಬ್ಬ ಹಿರಿಯನನ್ನು ಕರೆದುಕೊಂಡು ಬಂದಿದ್ದ. ಚಹಾ ಕುಡಿದರು, ಸ್ಕೋನ್ ತಿಂದರು.

"ಟೊರ್ಕಿಲ್, ನಾವು ಶತ್ರುಗಳಲ್ಲ ಕಣಪ್ಪಾ. ಏನಾದ್ರೂ ಇದ್ರೆ ಹೇಳ್ಬಿಡು, ಹಗುರಾಗುತ್ತೆ."

ಇವರು ಬಾಯಿ ತೆರೆದರು, ಮುಚ್ಚಿದರು.

"ನೋಡಿದ್ರಾ?" ಎಂದ ಮುರ್ಡೊ ಜೊತೆಗಿದ್ದವನಿಗೆ. ತೋರಿಸಲು ತಂದಂತೆ!

ಎಕ್ಸ್‌ರೇ ತೆಗೆಸಿದೆವು. ಫಲಿತಾಂಶ ನಿಮ್ಮ ಡಾಕ್ಟರಿಗೇ ಕಳಿಸುತ್ತಾರಂತೆ. ಆದರೆ ಎಫೀ, ಕೆಟ್ಟಿರುವುದು ಗಂಟಲು, ನೋಡಿದ್ದು ಎದೆ. ಇದೇಕೆ? ಟೊರ್ಕಿಲ್ ಏನೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ಡೊಲೀನಾ


ಗ್ಲಾಸ್ಗೋ
೧೫ ಏಪ್ರಿಲ್ ೧೯೯೧

ಅಕ್ಕಾ,

ಎಕ್ಸ್‌ರೇ ಬಂತು. ಎದೆ ಶುಭ್ರವಾಗಿದೆ. ದೇವರಿಗೆ ಸ್ತೋತ್ರ, ಸ್ತೋತ್ರ. ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತುಬಿಟ್ಟೆ.

ಗಂಟಲಿಗೆ ಎದೆಯೇಕೆ ಅಂತೀಯಾ? ಗಂಟಲಿನ ಮಾಂಸಖಂಡಗಳಿಗೆ ಅಪ್ಪಣೆ ಒಯ್ಯುವ ನರ ಮಿದುಳಿನಿಂದ ಇಳಿದು ನೆಟ್ಟಗೆ ಗಂಟಲಿಗೆ ಹೋಗುವುದಿಲ್ಲ. ಎಡಗಡೆಯದು ಗಂಟಲನ್ನು ದಾಟಿ ಎದೆಯವರೆಗೂ ಇಳಿಯುತ್ತದೆ, ಹೃದಯದ ದೊಡ್ಡ ರಕ್ತನಾಳವನ್ನು ಒಂದು ಸುತ್ತು ಸುತ್ತಿ ಮತ್ತೆ ಮೇಲಕ್ಕೆ ಹತ್ತುತ್ತದೆ. ಅದಕ್ಕೇ ಎದೆಯನ್ನೂ ನೋಡುವುದು. ಇಷ್ಟು ಸಾಕು ನಿನಗೆ.

ಇನ್ನು ರೋಗದ ಮಾತು. ನೀನು ದಿನಾ ಕಾಣುವುದರಲ್ಲೇ ಹೇಳುತ್ತೇನೆ. ನರ ಎಂದರೆ ಸಾಲು ಕೊಡುವವನು ಎಂದುಕೋ. ಮಾಂಸಖಂಡ ಎಂದರೆ ಬೆಂಚುಗಳಲ್ಲಿ ಕುಳಿತ ಸಭೆ. ಸಾಲು ಬಾರದೆ ಸಭೆ ಹಾಡುವುದಿಲ್ಲ. ಬಂದ ಸಾಲನ್ನು ಬಿಟ್ಟು ಬೇರೆ ಹಾಡುವುದಿಲ್ಲ. ಗಂಟಲಿನಲ್ಲಿ ಎರಡು ಪುಟ್ಟ ಪಟ್ಟಿಗಳಿವೆ. ಮಾತಾಡುವಾಗ ಮಾಂಸಖಂಡಗಳು ಅವನ್ನು ಮೆಲ್ಲಗೆ ಹತ್ತಿರ ತರುತ್ತವೆ, ಉಸಿರು ಹಾದು ದನಿಯಾಗುತ್ತದೆ. ಭಾವನಿಗೆ ಏನಾಗುತ್ತಿದೆ ಎಂದರೆ, ಮಾತಿನ ನಡುವೆ 'ಮುಚ್ಚು ಮುಚ್ಚು' ಎಂಬ ಸಾಲು ಬೇಡದ ಕಡೆ ಬಂದುಬಿಡುತ್ತಿದೆ. ಖಂಡ ಪಾಪದ್ದು, ಹೇಳಿದ್ದನ್ನು ಮಾಡುತ್ತದೆ, ಪಟ್ಟಿಗಳು ಬಾಗಿಲಂತೆ ಬಡಿದುಕೊಳ್ಳುತ್ತವೆ. ಹಾಡುವಾಗ ಮಾತ್ರ ಏಕೆ ಹಾಗಾಗದು ಎಂದು ಕೇಳಿದೆ. ಡಾಕ್ಟರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಮಿದುಳು ಹಾಡಿಗೆ ಬೇರೆ ದಾರಿ ಹಿಡಿಯುತ್ತದೋ ಏನೋ ಎಂದರು. ಇಂಥ ರೋಗಿಗಳನ್ನು ಆಕೆ ಬೇರೆಯೂ ಕಂಡಿದ್ದಾರೆ. ಒಬ್ಬ ಮೇಷ್ಟ್ರು, ಒಬ್ಬ ಹರಾಜು ಕೂಗುವವನು. ಇಬ್ಬರಲ್ಲಿ ಯಾರೂ ಕೊಲೆ ಮಾಡಿದವರಲ್ಲ.

ಭಾವನನ್ನು ಇಲ್ಲಿಗೆ ಕಳಿಸು.

ಎಫೀ


ಗ್ಲಾಸ್ಗೋ
೩ ಜೂನ್ ೧೯೯೧

ಅಕ್ಕಾ,

ಏಳು ವಾರವಾಯಿತು, ಒಂದು ಗೆರೆ ಇಲ್ಲ. ಫೋನ್ ಮಾಡಿದರೆ ನೀನು "ಪೀಟ್ ಕೊಯ್ಯೋಕೆ ಹೊರಟಿದೀವಿ" ಎಂದು ಇಟ್ಟುಬಿಟ್ಟೆ. ಒಲೆಗೆ ಹಾಕುವ ಪೀಟ್ ಮಣ್ಣು ಕೊಯ್ಯಲು ಬೆಳಿಗ್ಗೆ ಆರಕ್ಕೆ ಯಾರೂ ಹೊರಡುವುದಿಲ್ಲ ಎಂದು ನನಗೂ ಗೊತ್ತು. ನಾನು ಏನು ತಪ್ಪು ಬರೆದೆ?

ಎಫೀ


ಗ್ರಿಯಾವಿಕ್
೧೭ ಜೂನ್ ೧೯೯೧

ಪ್ರೀತಿಯ ಎಫೀ,

ನೀನು ತಪ್ಪು ಬರೆದಿಲ್ಲ. ಬಹಳ ಸರಿಯಾಗಿ ಬರೆದೆ. ಅದನ್ನು ಓದಿ ನಾನು ಅನೇಕ ದಿನ ಮೊಣಕಾಲೂರಿದೆ.

ನರ ನೆಟ್ಟಗೆ ಗಂಟಲಿಗೆ ಹೋಗಬಹುದಿತ್ತು. ಉಂಟುಮಾಡಿದಾತನಿಗೆ ಹತ್ತಿರದ ದಾರಿ ಗೊತ್ತಿರಲಿಲ್ಲವೇ? ಮಾತು ಮೊದಲು ಹೃದಯಕ್ಕೆ ಹೋಗಿ, ಅದನ್ನು ಸುತ್ತಿ ನೋಡಿ, ಆಮೇಲೆ ನಾಲಿಗೆಗೆ ಬರಲಿ ಎಂದೇ ಹಾಗೆ ಮಾಡಿದ್ದಾನೆ. ಹಾಗಾದರೆ ತಡೆ ಇರುವುದು ಅಲ್ಲಿ. ನೀನು 'ಇಷ್ಟು ಸಾಕು ನಿನಗೆ' ಎಂದು ನಿಲ್ಲಿಸಿದ್ದೀಯ. ಎಂದೂ ದೇವರ ಹೆಸರೆತ್ತದ ನೀನು ಎರಡು ಸಲ ಸ್ತೋತ್ರ ಬರೆದಿದ್ದೀಯ. ನಿನಗೂ ಏನೋ ಗೊತ್ತು, ಹೇಳುತ್ತಿಲ್ಲ ಎಂದುಕೊಂಡೆ.

ಹೀಗಾಗಿ ಒಂದು ಸಂಜೆ ಮೇಜಿನ ಎದುರು ಕುಳಿತು ಕೇಳಿಯೇಬಿಟ್ಟೆ. "ನಿಮ್ಮ ಎದೇಲಿ ಏನಿದೆ? ನಂಗೂ ಹೇಳದ್ದು?" ಅವರು ನನ್ನನ್ನೇ ನೋಡಿದರು. ಕೈ ಎತ್ತಿದರು. ಕತ್ತು ಬಿಗಿಯಿತು, ಕಣ್ಣಲ್ಲಿ ನೀರು ಬಂತು, ಒಂದು ಮಾತೂ ಬರಲಿಲ್ಲ. ಅದೇ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ನಾನು ಒರೆಸಿ ತಿರುಗುವಷ್ಟರಲ್ಲಿ ಎದ್ದು ಕೊಟ್ಟಿಗೆಗೆ ಹೋಗಿದ್ದರು.

ಟೊರ್ಕಿಲ್ ಏನಾದರೂ ಹೇಳಿದರೇ ಎಂದು ಆ ಭಾನುವಾರ ಮುರ್ಡೊ ಕೇಳಿದ. ಸುಳ್ಳು ಹೇಳಲೇ? "ಕೇಳ್ದೆ, ಉತ್ತರ ಕೊಡ್ಲಿಲ್ಲ," ಎಂದೆ. ಮುಂದಿನ ಭಾನುವಾರದಿಂದ ಆ ಆಸನದಲ್ಲಿ ಮುರ್ಡೊನ ಅಳಿಯ ಕುಳಿತುಕೊಳ್ಳುತ್ತಿದ್ದಾನೆ. ಶರತ್ಕಾಲದ ಭೋಜನಕ್ಕೆ ಟೊರ್ಕಿಲ್ ಬರಬಹುದೋ ಇಲ್ಲವೋ ಎಂಬುದನ್ನೂ ಆಮೇಲೆ ಹೇಳುತ್ತಾರಂತೆ. ಈಗ ಇವರು ಮಗ್ಗದ ಮುಂದೆಯೂ ಹಾಡುವುದಿಲ್ಲ. ಪೆಡಲಿನ ಸದ್ದು ಮಾತ್ರ.

ನಾನು ಸತ್ಯವನ್ನೇ ಹೇಳಿದೆ. ಆದರೂ ನಿದ್ದೆ ಬರುತ್ತಿಲ್ಲ, ಏಕೆಂದು ತಿಳಿಯದು.

ಇನ್ನೊಂದು ಕೇಳಬೇಕು. ಸಾಲು ಬಾರದೆ ಖಂಡ ಅಲುಗದು ಎಂದು ನೀನು ಬರೆದೆ. ಕುರಿ ಕೊಯ್ದು, ಸುಲಿದು, ಕೊಕ್ಕೆಗೆ ಹಾಕಿದ ಮೇಲೂ ಅದರ ತೊಡೆ ಅದುರುವುದನ್ನು ನಾವಿಬ್ಬರೂ ಅಪ್ಪನ ಕೊಟ್ಟಿಗೆಯಲ್ಲಿ ನೋಡಿದ್ದೇವೆ. ಅಲ್ಲಿ ಸಾಲು ಕೊಟ್ಟವರು ಯಾರು?

ಡೊಲೀನಾ


ಗ್ಲಾಸ್ಗೋ
೨೨ ಜೂನ್ ೧೯೯೧

ಡೊಲೀನಾ,

ನಿನ್ನನ್ನು ಅಕ್ಕ ಎಂದು ಕರೆಯಲು ಇವತ್ತು ಮನಸ್ಸಿಲ್ಲ.

ಎದೆಯ ಎಕ್ಸ್‌ರೇ ತೆಗೆಸಿದ್ದು ಕ್ಯಾನ್ಸರ್ ಇದೆಯೋ ನೋಡಲು. ಶ್ವಾಸಕೋಶದಲ್ಲಿ ಗಡ್ಡೆ ಬೆಳೆದು ಆ ನರವನ್ನು ಒತ್ತಿದರೂ ದನಿ ಹೋಗುತ್ತದೆ. ನೀನು ಹೆದರುತ್ತೀಯ ಎಂದು ಮುಚ್ಚಿಟ್ಟೆ. ಸ್ತೋತ್ರ ಬರೆದದ್ದು ಗಡ್ಡೆ ಇಲ್ಲ ಎಂದು. ನಾನು ಮುಚ್ಚಿಟ್ಟದ್ದು ಇಷ್ಟೇ. ನೀನು ಅದರಿಂದ ಏನು ಕಟ್ಟಿದೆ ನೋಡು!

ಆ ನರ ಹೃದಯದ ಹತ್ತಿರ ಹೋಗುವುದು, ಸ್ಟಾರ್ನೋವೇಗೆ ಹೋಗುವ ಬಸ್ಸು ಸ್ಮಶಾನದ ಪಕ್ಕ ಹೋದ ಹಾಗೆ. ಅಲ್ಲಿ ಯಾರೂ ಇಳಿಯುವುದಿಲ್ಲ, ಹತ್ತುವುದೂ ಇಲ್ಲ. ತಾಯಿಯ ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಕತ್ತು ಉದ್ದವಾಗಿ ಹೃದಯ ಕೆಳಗಿಳಿಯುತ್ತದೆ, ನರ ಅದಕ್ಕೆ ಸಿಕ್ಕಿಕೊಂಡು ಜೊತೆಗೇ ಇಳಿಯುತ್ತದೆ. ಮೀನು ಮುರ್ಡೊನ ನರವೂ ಹಾಗೇ ಇದೆ. ಹೋಗಿ ಹೇಳು.

ಮಾತಾಡಲಾರದ ರೋಗದವನನ್ನು ಎದುರು ಕೂರಿಸಿಕೊಂಡು ನೀನು 'ಮಾತಾಡು' ಎಂದೆ. ಮಾತು ಬರಲಿಲ್ಲ ಎಂದು ಊರಿಗೆ ಹೇಳಿದೆ. ಇದು ನಿನ್ನ ಸತ್ಯ.

ಕುರಿಯ ತೊಡೆಯ ವಿಷಯ: ಹಾಡು ಮುಗಿದು ಎಲ್ಲರೂ ನಿಲ್ಲಿಸಿದ ಮೇಲೂ ಹಿಂದಿನ ಬೆಂಚಿನ ಮುದುಕಿ ಒಬ್ಬಳು ರಾಗ ಎಳೆಯುತ್ತಿರುತ್ತಾಳಲ್ಲ, ಹಾಗೆ. ಕತ್ತರಿಸಿದ ನರದ ತುದಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ, ಖಂಡ ಅದಕ್ಕೂ ಓಗೊಡುತ್ತದೆ.

ಜುಲೈ ಇಪ್ಪತ್ತೊಂಬತ್ತಕ್ಕೆ ಡಾಕ್ಟರ್ ದಿನ ಕೊಟ್ಟಿದ್ದಾರೆ. ಭಾವನನ್ನು ಹಡಗು ಹತ್ತಿಸು. ನೀನು ಬರಬೇಡ.

ಎಫೀ


ಗ್ಲಾಸ್ಗೋ
೩೧ ಜುಲೈ ೧೯೯೧

ಅಕ್ಕಾ,

ಭಾವ ಮುಂದಿನ ಕೋಣೆಯಲ್ಲಿ ನಿದ್ದೆ ಹೋಗಿದ್ದಾನೆ. ನೀನು ಕಟ್ಟಿಕೊಟ್ಟ ಕಪ್ಪು ಪುಡಿಂಗ್, ಅದೇ ರಕ್ತದ ಕಡುಬು, ಎರಡು ಉಂಡೆ ತಂದುಕೊಟ್ಟ. ಪೊಟ್ಟಣದೊಳಗೆ ನಿನ್ನ ಚೀಟಿ ಏನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

ಕೆಲಸ ಆಯಿತು. ಏನು ಮಾಡಿದರು ಎಂದು ಬಿಡಿಸಿ ಹೇಳುತ್ತೇನೆ, ಇನ್ನು ಮುಂದೆ ನಿನಗೆ ಅರ್ಧ ಹೇಳುವುದಿಲ್ಲ. ನರ ಮಾಂಸಖಂಡಕ್ಕೆ ಅಂಟಿಕೊಂಡಿಲ್ಲ. ನಡುವೆ ಕೂದಲೆಳೆಗಿಂತ ಸಣ್ಣ ಸಂದು ಇದೆ. ಅಪ್ಪಣೆ ಬಂದಾಗ ನರದ ತುದಿ ಒಂದು ರಸ ಚಿಮ್ಮಿಸುತ್ತದೆ, ಅದು ಸಂದು ದಾಟಿ ಖಂಡಕ್ಕೆ ತಾಗುತ್ತದೆ, ಖಂಡ ಬಿಗಿಯುತ್ತದೆ. ಆ ರಸ ಚಿಮ್ಮದಂತೆ ತಡೆಯುವ ಒಂದು ವಿಷವಿದೆ. ಕೆಟ್ಟ ಡಬ್ಬಿಯ ಮಾಂಸ ತಿಂದು ಜನ ಸಾಯುತ್ತಾರಲ್ಲ, ಅದೇ ವಿಷ. ಅದರ ಲವಲೇಶವನ್ನು ಕತ್ತಿನ ಮುಂಭಾಗದಿಂದ ಸೂಜಿಯಲ್ಲಿ ಗಂಟಲಿನ ಖಂಡಕ್ಕೆ ಕೊಟ್ಟರು. ಇನ್ನು ತಪ್ಪು ಸಾಲು ಬಂದರೂ ಅರ್ಧ ಸಭೆಗೆ ಕೇಳಿಸುವುದಿಲ್ಲ, ಬಾಗಿಲು ಅಷ್ಟು ಜೋರಾಗಿ ಬಡಿಯುವುದಿಲ್ಲ. ಮೊದಲ ಕೆಲವು ದಿನ ಬರೀ ಉಸಿರು ಬರುತ್ತದೆ, ನೀರು ಕುಡಿದರೆ ಕೆಮ್ಮು. ಗಾಬರಿಯಾಗಬೇಡ. ಆಮೇಲೆ ಮಾತು ಬರುತ್ತದೆ. ಮೂರು ನಾಲ್ಕು ತಿಂಗಳಿಗೆ ವಿಷ ಇಳಿದುಹೋಗುತ್ತದೆ, ಮತ್ತೆ ಬಂದು ಚುಚ್ಚಿಸಿಕೊಳ್ಳಬೇಕು.

ಒಂದು ನಷ್ಟವಿದೆ. ಖಂಡಕ್ಕೆ ಬರುವ ತಪ್ಪು ಸಾಲು ಯಾವುದು, ಸರಿ ಸಾಲು ಯಾವುದು ಎಂದು ವಿಷಕ್ಕೇನು ಗೊತ್ತು? ಎಲ್ಲವನ್ನೂ ತಡೆಯುತ್ತದೆ. ದನಿ ತೆಳುವಾಗುತ್ತದೆ, ಮೇಲಿನ ಸ್ವರಗಳು ಹೋಗಬಹುದು. ಡಾಕ್ಟರ್ ಇದನ್ನು ಸೂಜಿಗೆ ಮುಂಚೆಯೇ ಹೇಳಿದರು. "ನೀವು ಕೀರ್ತನೆಗೆ ಸಾಲು ಕೊಡುವವರಂತೆ. ಆ ದನಿ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ. ಹಾಗೇ ಬಿಟ್ಟರೆ ಹಾಡು ಇರುತ್ತೆ, ಮಾತು ಇರಲ್ಲ. ಮನೆಗೆ ಹೋಗಿ ಯೋಚಿಸಿ ಬನ್ನಿ."

ಭಾವ ತಲೆ ಅಲ್ಲಾಡಿಸಿದ. ಪಿಸುಮಾತಿನಲ್ಲಿ ಹೇಳಿದ, ನಾನು ಬಗ್ಗಿ ಕೇಳಿಸಿಕೊಂಡೆ. "ನನ್ನ ಹೆಂಡ್ತಿ ಒಂದು ಪ್ರಶ್ನೆ ಕೇಳಿದಾಳೆ. ಉತ್ತರ ಕೊಡ್ಬೇಕು. ಚುಚ್ಚಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಹೊರಗೆ ಹೋಗಿ ನಿಂತೆ.

ನಿನ್ನ
ಎಫೀ


ಗ್ರಿಯಾವಿಕ್
೧೪ ಅಕ್ಟೋಬರ್ ೧೯೯೧

ಪ್ರೀತಿಯ ಎಫೀ,

ನಿನ್ನ ಕಾಗದಕ್ಕೆ ಈಗ ಉತ್ತರ. ಹಲವು ಸಲ ಶುರುಮಾಡಿ ಒಲೆಗೆ ಹಾಕಿದೆ.

ಅವರು ಬಂದಾಗ ನೀನು ಹೇಳಿದ ಹಾಗೇ ಬರೀ ಉಸಿರು. ಎರಡು ಭಾನುವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ, ಹಿಂದಿನಿಂದ "ಡೊಲೀನಾ" ಎಂದರು. ಯಾರೋ ಬೇರೆ ಗಂಡಸು ಮನೆಯೊಳಗೆ ಬಂದನೇ ಎಂದು ಹೌಹಾರಿದೆ. ತೆಳ್ಳಗಿನ ದನಿ, ಆದರೆ ಎಲ್ಲೂ ಮುರಿಯಲಿಲ್ಲ.

"ಅವತ್ತು ಎದೇಲಿ ಏನಿದೆ ಅಂದ್ಯಲ್ಲ," ಎಂದರು. "ಹಾಲು ಉಕ್ತಾ ಇದೆ ನಿನ್ನ ಹಿಂದೆ, ಅಂತ ಹೇಳೋಕೆ ಹೊರಟಿದ್ದೆ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. "ಅಷ್ಟೇನಾ?"

"ಅವತ್ತು ಅಷ್ಟೇ."

"ಆಮೇಲೆ?"

"ಆಮೇಲೆ ನೀನು ಮುರ್ಡೊಗೆ ಹೇಳ್ದೆ ಅಂತ ಗೊತ್ತಾಯ್ತು. ಅವತ್ತಿಂದ ಎದೇಲಿ ಒಂದು ಇದೆ."

"ಈಗ್ಲೂ ಇದೆಯಾ?"

ಸ್ವಲ್ಪ ಹೊತ್ತು ಯೋಚಿಸಿದರು. ಗಂಟಲು ಹಿಡಿದದ್ದಲ್ಲ, ಯೋಚಿಸಿದ್ದು. ನನಗೀಗ ಆ ಭೇದ ತಿಳಿಯುತ್ತದೆ. "ಸ್ವಲ್ಪ ಇದೆ," ಎಂದರು. ಆಮೇಲೆ ಚಹಾ ಕೇಳಿದರು.

ಅಂದಿನಿಂದ ಈ ಮನುಷ್ಯ ಮಾತು ನಿಲ್ಲಿಸಿಲ್ಲ, ಎಫೀ. ಹವೆಯ ಮಾತು, ನಾಯಿಯ ಮಾತು, ಗಿರಣಿಯವರು ಕಳಿಸಿದ ನೂಲಿನ ಬಣ್ಣ ಸರಿಯಿಲ್ಲವೆಂಬ ಮಾತು. ನಾನು ಕೆಲವು ಸಲ "ಸಾಕು ಸುಮ್ಮನಿರಿ" ಎಂದದ್ದೂ ಉಂಟು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕರು.

ಹಾಡು ಹೋಗಿದೆ. ಒಂದು ದಿನ ಕೊಟ್ಟಿಗೆಯಲ್ಲಿ ಹಳೆಯ ರಾಗ ಎತ್ತಿದ್ದು ಕೇಳಿಸಿತು. ಮೇಲಿನ ಸ್ವರಕ್ಕೆ ಹೋಗುವಲ್ಲಿ ಬರೀ ಗಾಳಿ ಬಂತು. ಮಗ್ಗ ನಿಂತಿತು. ನಾನು ಬಾಗಿಲವರೆಗೆ ಹೋಗಿ, ಒಳಗೆ ಹೋಗಬೇಕೋ ಬೇಡವೋ ತಿಳಿಯದೆ, ತಿರುಗಿ ಬಂದೆ.

ಹೋದ ವಾರ ಕರ್ತನ ಭೋಜನ ಆಯಿತು. ಶುಕ್ರವಾರ ಪಾದ್ರಿಗಳು ಮತ್ತೆ ಅವರ ಹೆಸರನ್ನೇ ಕೂಗಿದರು. ಎದ್ದು ನಿಂತರು. ಎಷ್ಟು ಮೆಲ್ಲಗಿನ ದನಿ ಎಂದರೆ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿ ಕೇಳಬೇಕಾಯಿತು. "ಕೃಪೆ ಸಿಕ್ಕಿರೋನ ಗುರುತು ನಂಗೆ ಗೊತ್ತಿಲ್ಲ. ನಂಗೆ ಸಿಕ್ಕಿದೆಯೋ ಅದೂ ಗೊತ್ತಿಲ್ಲ. ಬೇಕು ಅಂತ ಮಾತ್ರ ಗೊತ್ತು," ಎಂದು ಹೇಳಿ ಕುಳಿತರು. ಮುರ್ಡೊ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಭೋಜನದ ಮೇಜಿಗೆ ಯಾರೂ ಅಡ್ಡಿ ಮಾಡಲಿಲ್ಲ. ಮದುವೆಯಾದ ಲಾಗಾಯ್ತು ಅವರು ಪೀಠದ ಕೆಳಗೆ, ನಾನು ಬೆಂಚಿನಲ್ಲಿ. ಈ ಸಲ ನನ್ನ ಪಕ್ಕದಲ್ಲೇ ಕುಳಿತಿದ್ದರು. ಮುರ್ಡೊನ ಅಳಿಯ ಕೊಟ್ಟ ಸಾಲನ್ನು ಎಲ್ಲರಂತೆ ಹಿಂದೆ ಹಾಡಿದರು. ನನಗಷ್ಟೇ ಕೇಳಿಸುವಷ್ಟು.

ಇಷ್ಟಕ್ಕೆ ಮುಗಿದಿದ್ದರೆ ಒಳ್ಳೆಯದಿತ್ತು. ಮೊನ್ನೆ ಮುರ್ಡೊ ಬಂದ, ಕೈಯಲ್ಲಿ ಒಂದು ದೊಡ್ಡ ಹ್ಯಾಡಕ್ ಮೀನು, ಸುಮ್ಮನೆ ಕೊಟ್ಟದ್ದು. ಅವನಿಂದ ಸುಮ್ಮನೆ ಮೀನು ಪಡೆದವರನ್ನು ನಾನು ಕಂಡಿಲ್ಲ.

"ನನ್ನ ಅಳಿಯ ಸಾಲು ಕೊಟ್ರೆ ಸಭೆ ಎಲ್ಲ ಜೌಗಿಗೆ ಬಿದ್ದ ಕುರಿ ಥರ ಒದ್ದಾಡುತ್ತೆ," ಎಂದ. "ಟೊರ್ಕಿಲ್, ನಿನ್ ಮೇಲೆ ಯಾರ್ಗೂ ಏನೂ ಇಲ್ಲ ಈಗ. ಆ ಸೂಜಿ ಇಳಿದೋಗ್ಲಿ ಬಿಡು. ಮತ್ತೆ ಹಾಕ್ಸ್ಕೋಬೇಡ. ವಸಂತದ ಕೂಟಕ್ಕೆ ಆಸನ ನಿಂದೇ. ಮಾತು ಬರ್ದೇ ಇದ್ರೆ ಏನಂತೆ, ನಾವು ಕರೆಯಲ್ಲ ಶುಕ್ರವಾರ."

ಅವನು ಹೋದ ಮೇಲೆ ಇವರು ಬಹಳ ಹೊತ್ತು ಮೀನನ್ನೇ ನೋಡುತ್ತ ಕುಳಿತಿದ್ದರು. ಆ ಆಸನ ಅವರಿಗೆ ಏನೆಂದು ನನಗೆ ಗೊತ್ತು. ಕೊನೆಗೆ, "ನೀನು ಹೇಳು," ಎಂದರು. "ಹಾಡಾ, ಮಾತಾ?"

ನಾನು ಬಾಯಿ ತೆರೆದೆ. ಬರಲಿಲ್ಲ. ನನ್ನ ಗಂಟಲಿಗೆ ಯಾವ ರೋಗವೂ ಇಲ್ಲ, ನರ ಸರಿಯಿದೆ, ಖಂಡ ಗಟ್ಟಿಯಾಗಿದೆ, ಆದರೂ ಬರಲಿಲ್ಲ. ನನಗೆ ಬೇಕಾದ್ದನ್ನು ಹೇಳಿದರೆ ದೇವರ ಸಭೆಯಿಂದ ಕಿತ್ತುಕೊಂಡಂತೆ. ಸಭೆಗೆ ಬೇಕಾದ್ದನ್ನು ಹೇಳಿದರೆ ಮತ್ತೆ ಅಡುಗೆಮನೆಯ ಮೇಜಿನ ಎದುರು, ಆ ಮೌನದಲ್ಲಿ ನಾನು ಒಬ್ಬಳೇ. ಇದನ್ನು ನಿನ್ನ ಡಾಕ್ಟರ್ ಯಾವ ನರ ಎನ್ನುತ್ತಾರೋ. ಅವರು ಕಾದರು. ಅವಸರ ಮಾಡಲಿಲ್ಲ. ನಾನು ಆವತ್ತು ಅವರಿಗೆ ಕೊಡದಷ್ಟು ಹೊತ್ತು ಕೊಟ್ಟರು. ಆಮೇಲೆ ಎದ್ದು ಮೀನು ಹೆಚ್ಚಲು ಕತ್ತಿ ತಂದುಕೊಟ್ಟರು.

ಬೆಳಗಿನಿಂದ ಈ ಕಾಗದ ಬರೆಯುತ್ತಿದ್ದೇನೆ. ಅವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಂಚೆಪೆಟ್ಟಿಗೆಗೆ ತಾವೇ ಒಯ್ಯುತ್ತೇನೆ ಎಂದು.

ನವೆಂಬರ್‌ನಲ್ಲಿ ಡಾಕ್ಟರಿಂದ ಒಂದು ದಿನ ಗೊತ್ತುಮಾಡು, ಎಫೀ. ನನಗೆ ಮಾತು ಬೇಕು. ಇದು ಪಾಪವೋ ಅಲ್ಲವೋ ನನಗೆ ತಿಳಿಯದು. ಪ್ರಾರ್ಥಿಸಿ ಕೇಳಿದೆ, ಇನ್ನೂ ತಿಳಿದಿಲ್ಲ. ಅವರಿಗೆ ಹಾಡೇ ಬೇಕೆಂದಿದ್ದರೆ ಇದನ್ನು ಪೆಟ್ಟಿಗೆಗೆ ಹಾಕದೆ ತಿರುಗಿ ತರಲಿ. ನಾನು ಒಂದು ಮಾತೂ ಆಡುವುದಿಲ್ಲ.

ಲಕೋಟೆ ಅಂಟಿಸದೆ ಕೊಡುತ್ತಿದ್ದೇನೆ, ದಾರಿಯಲ್ಲಿ ಓದಿಕೊಳ್ಳಲಿ.

ಡೊಲೀನಾ


ಎಫೀ, ಇದು ನಾನು, ಟೊರ್ಕಿಲ್. ಪೆಟ್ಟಿಗೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಗಾಳಿ ಬಹಳ. ಎರಡು ಟಿಕೆಟ್ಟಿನ ಏರ್ಪಾಡಿರಲಿ. ಈ ಸಲ ಅವಳೂ ಬರುತ್ತಾಳೆ. ಹಡಗಿನಲ್ಲಿ ನಾನು ಒಬ್ಬನೇ ಯಾರ ಹತ್ತಿರ ಮಾತಾಡಲಿ?